ಏಳು ಕೆಜಿಯೊಳಗೆ ಎರಡು ಕೆಜಿ

ಗ್ರಾಂ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರು ತಕ್ಕಡಿ ರಿಪೇರಿಯವರು. ಅಂಗಡಿ, ಗೋದಾಮು, ಆಸ್ಪತ್ರೆಗಳ ತಕ್ಕಡಿಗಳನ್ನು ಬಿಚ್ಚಿ, ಒರೆಸಿ, ಸರಿಮಾಡಿ, ಮೊಹರು ಹಾಕಿಸಿ ಕೊಡುವುದು ಮೂವತ್ತೊಂದು ವರ್ಷದಿಂದ ಅವರ ಕಸುಬು. "ಊಟ ಹೇಗಿತ್ತು?" ಎಂದರೆ "ನೂರು ಗ್ರಾಂ ಜಾಸ್ತಿಯಾಯ್ತು" ಎನ್ನುವ ಮನುಷ್ಯನಿಗೆ ಪೇಟೆಯವರು ಬೇರೆ ಯಾವ ಹೆಸರನ್ನು ತಾನೇ ಇಟ್ಟಾರು?

ಅವರ ಹೆಂಡತಿ ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಕೆಲಸ ಬಿಟ್ಟಿದ್ದರು, ದನಿ ಬಿಟ್ಟಿರಲಿಲ್ಲ. ಅಡುಗೆಮನೆಯಿಂದ ಅವರು "ಮುಂದೆ ಹೋಗಿ" ಎಂದರೆ ಬೀದಿಯಲ್ಲಿ ಹೋಗುವವರು ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದರು. ಅವರು ಎಲ್ಲರಿಗೂ ಕಂಡಕ್ಟರಮ್ಮ.

ಮಂಗಳವಾರ ಮಧ್ಯಾಹ್ನ ಮೇಷ್ಟ್ರ ತಂಗಿಯ ಫೋನ್ ಬಂತು. ದೂರದ ಗುಡ್ಡದ ಮೇಲಿನ ಊರೊಂದರ ಮಾರುಕಟ್ಟೆಯಲ್ಲಿ ಅವಳದು ಕಾಫಿಪುಡಿ ಅಂಗಡಿ.

"ಅಣ್ಣಾ, ನನ್ನ ತಕ್ಕಡಿ ಮೋಸ ಮಾಡುತ್ತೆ ಅಂತಿದಾರೆ."

"ಎಷ್ಟು?"

"ಏನಾಯ್ತಮ್ಮಾ ಅಂತ ಕೇಳೋದು ಬಿಟ್ಟು ಎಷ್ಟು ಅಂತೀಯಲ್ಲ!"

"ಎಷ್ಟು, ಅದನ್ನ ಹೇಳು."

"ಕೆಜಿಗೆ ಏಳು ಗ್ರಾಂ ಕಡಿಮೆಯಂತೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತರು. ಎಂಟು ತಿಂಗಳ ಹಿಂದೆ ಆ ತಕ್ಕಡಿಯನ್ನು ಸರಿಮಾಡಿ ಕೊಟ್ಟವರು ಅವರೇ.

ನಡೆದದ್ದು ಇಷ್ಟು. ಮಾರುಕಟ್ಟೆಯ ಬಾಗಿಲಲ್ಲಿ ಸಮಿತಿಯವರು ಗಿರಾಕಿಗಳ ಅನುಕೂಲಕ್ಕೆಂದು ಒಂದು ಪರೀಕ್ಷೆಯ ತಕ್ಕಡಿ ಇಟ್ಟಿದ್ದರು. ತಂಗಿಯ ಅಂಗಡಿಯಿಂದ ಒಂದು ಕೆಜಿ ಪುಡಿ ಕೊಂಡವನೊಬ್ಬ ಅದರ ಮೇಲಿಟ್ಟು ನೋಡಿದ. ಒಂಬೈನೂರ ತೊಂಬತ್ಮೂರು ಗ್ರಾಂ. ದೂರು ಹೋಯಿತು. ಸಮಿತಿಯ ಕಾರ್ಯದರ್ಶಿ ತಮ್ಮ ಎರಡು ಕೆಜಿ ತೂಕದ ಕಲ್ಲನ್ನು ತಂದು ತಂಗಿಯ ತಕ್ಕಡಿಯ ಮೇಲಿಟ್ಟರು. ಎರಡು ಕೆಜಿ ಹದಿನಾಲ್ಕು ಗ್ರಾಂ ಎಂದಿತು. ತಕ್ಕಡಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಅಂದರೆ ಗಿರಾಕಿಗೆ ಕಡಿಮೆ ಹೋಗುತ್ತದೆ ಎಂದು ತೀರ್ಮಾನವಾಯಿತು.

"ಗುರುವಾರ ಹನ್ನೊಂದು ಗಂಟೆಗೆ ಸಮಿತಿಯವರೆಲ್ಲ ಬಂದು ಇನ್ನೊಂದು ಸಲ ತೂಗ್ತಾರಂತೆ. ಆವಾಗಲೂ ಹೀಗೇ ಬಂದರೆ ಅಂಗಡಿಗೆ ಬೀಗ."

"ಅವರ ಕಲ್ಲೇ ತಪ್ಪಿರಬಹುದಲ್ಲ?"

"ಅದನ್ನೇ ಅಂದೆ. ಹಾಗಾದರೆ ಪ್ರಮಾಣಪತ್ರ ಇರೋ ಸರಿಯಾದ ಕಲ್ಲು ತಂದು ತೋರಿಸು ಅಂದರು. ನಾನೆಲ್ಲಿಂದ ತರಲಿ ಅಣ್ಣಾ?"

ಅಂಥ ಕಲ್ಲು ಮೇಷ್ಟ್ರ ಬಳಿ ಇತ್ತು. ಕಲ್ಲು ಎನ್ನುವುದು ರೂಢಿಯ ಮಾತು. ಅದು ಕನ್ನಡಿಯಂತೆ ಹೊಳೆಯುವ ಎರಡು ಕೆಜಿಯ ಉಕ್ಕಿನ ಗುಂಡು, ತಲೆಯ ಮೇಲೊಂದು ಹಿಡಿ. ಮಖಮಲ್ಲು ಹೊದಿಸಿದ ಮರದ ಪೆಟ್ಟಿಗೆಯಲ್ಲಿ ಅದರ ವಾಸ. ಎರಡು ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಪ್ರಮಾಣಪತ್ರ ಪಡೆದು ಬರುತ್ತಿತ್ತು. ಅದನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕಂಡಕ್ಟರಮ್ಮ ಒಮ್ಮೆ ಧೂಳು ಒರೆಸಲು ಹೋಗಿ ಬೈಸಿಕೊಂಡಿದ್ದರು. ಆಮೇಲೆ ಅದಕ್ಕೆ 'ನನ್ನ ಸವತಿ' ಎಂದೇ ಹೆಸರಿಟ್ಟಿದ್ದರು.

ಅತ್ತ ಹೋಗುವ ಮುಂದಿನ ಬಸ್ಸು ಬುಧವಾರ ಮಧ್ಯಾಹ್ನ, ದಾರಿ ಇಪ್ಪತ್ತೆರಡು ಗಂಟೆ, ನಡುವೆ ಎರಡು ಕಡೆ ಬದಲಿಸಬೇಕು. ಹನ್ನೊಂದಕ್ಕೆ ತಲುಪುವ ಭರವಸೆಯಿಲ್ಲ. ಕಂಡಕ್ಟರಮ್ಮ ಫೋನಿನಲ್ಲೇ ಬುಧವಾರದ ವಿಮಾನಕ್ಕೆ ಎರಡು ಟಿಕೆಟ್ ತೆಗೆದರು. "ನಾದಿನಿ ಅಳ್ತಿರುವಾಗ ನೀವೊಬ್ಬರೇ ಹೋಗಿ ಅವಳಿಗೆ ಗ್ರಾಂ ಲೆಕ್ಕ ಹೇಳೋದು ಬೇಡ. ನಾನೂ ಬರ್ತೀನಿ."

ಇಬ್ಬರೂ ಅದುವರೆಗೆ ವಿಮಾನ ಹತ್ತಿದವರಲ್ಲ. ಟಿಕೆಟ್ಟಿನ ಜೊತೆ ಬಂದ ಸಾಮಾನಿನ ನಿಯಮಗಳನ್ನು ಮೇಷ್ಟ್ರು ಕನ್ನಡಕ ಏರಿಸಿ ನಾಲ್ಕು ಸಲ ಓದಿದರು. ಅದು ಅಗ್ಗದ ಟಿಕೆಟ್ಟು, ವಿಮಾನದ ಹೊಟ್ಟೆಗೆ ಹಾಕುವ ದೊಡ್ಡ ಪೆಟ್ಟಿಗೆಗೆ ಅವಕಾಶವಿಲ್ಲ. ಇದ್ದಿದ್ದರೂ ಮೇಷ್ಟ್ರು ಕಲ್ಲನ್ನು ಅದರಲ್ಲಿ ಹಾಕುತ್ತಿರಲಿಲ್ಲ. ಅಲ್ಲಿ ಪೆಟ್ಟಿಗೆಗಳನ್ನು ಎಸೆಯುತ್ತಾರೆಂದು ಕೇಳಿದ್ದರು. ಒಮ್ಮೆ ಕೆಳಗೆ ಬಿದ್ದ ಕಲ್ಲನ್ನು ಪ್ರಯೋಗಾಲಯದವರು ಮತ್ತೆ ನೋಡುವ ತನಕ ಯಾರೂ ನಂಬುವುದಿಲ್ಲ.

"ಒಬ್ಬರಿಗೆ ಒಂದು ಕೈಪೆಟ್ಟಿಗೆ," ಮೇಷ್ಟ್ರು ಓದಿ ಹೇಳಿದರು, "ಐವತ್ತೈದು, ಮೂವತ್ತೈದು, ಇಪ್ಪತ್ತೈದು ಸೆಂಟಿಮೀಟರ್. ಅದು ತಲೆಯ ಮೇಲಿನ ಗೂಡಿಗೆ. ಜೊತೆಗೆ ಒಂದು ವೈಯಕ್ತಿಕ ವಸ್ತು. ನಲವತ್ತು, ಮೂವತ್ತು, ಇಪ್ಪತ್ತು. ಅದು ಮುಂದಿನ ಸೀಟಿನ ಅಡಿಗೆ."

"ವೈಯಕ್ತಿಕ ವಸ್ತು ಅಂದ್ರೆ?"

"ಹೆಗಲ ಚೀಲ, ಕಂಪ್ಯೂಟರ್ ಚೀಲ, ಅಂಥದ್ದು."

"ಹಲ್ಲುಜ್ಜೋ ಬ್ರಷ್ಷಿಗಿಂತ ವೈಯಕ್ತಿಕ ವಸ್ತು ಇದೆಯೇನ್ರೀ? ಅದನ್ನ ಬಿಟ್ಟು ಚೀಲಕ್ಕೆ ಹಾಗಂತಾರಲ್ಲ!"

"ಎರಡೂ ಸೇರಿ ಏಳು ಕೆಜಿ. ಒಬ್ಬರ ಪಾಲನ್ನು ಇನ್ನೊಬ್ಬರಿಗೆ ಸೇರಿಸೋ ಹಾಗಿಲ್ಲ. ಮೈಮೇಲಿನ ಬಟ್ಟೆ, ಕೋಟು, ಕೊಡೆ ಲೆಕ್ಕಕ್ಕಿಲ್ಲ."

"ನಮ್ಮ ಬಸ್ಸಲ್ಲಿ ಇಷ್ಟೆಲ್ಲ ತಲೆನೋವು ಇರ್ಲಿಲ್ಲ," ಎಂದರು ಕಂಡಕ್ಟರಮ್ಮ. "ಮಡಿಲಲ್ಲಿದ್ದರೆ ಕೂಸು, ಕಾಲಡಿಯಿದ್ದರೆ ಚೀಲ, ದಾರಿಯಲ್ಲಿದ್ದರೆ ಲಗೇಜು. ಮುಗೀತು."

ಸಂಜೆ ಊಟದ ಮೇಜಿನ ಮೇಲೆ ಮೇಷ್ಟ್ರು ತಮ್ಮ ರಿಪೇರಿ ಅಂಗಡಿಯ ಅತ್ಯುತ್ತಮ ತಕ್ಕಡಿಯನ್ನು ತಂದಿಟ್ಟರು. ಯಾವ ತಕ್ಕಡಿಯನ್ನೂ ಅವರು ಹಾಗೇ ನಂಬುವವರಲ್ಲ. ಮೊದಲು ಕೈಗವಸು ತೊಟ್ಟು, ಪೆಟ್ಟಿಗೆಯಿಂದ ಎರಡು ಕೆಜಿಯ ಕಲ್ಲನ್ನೆತ್ತಿ ತಟ್ಟೆಯ ಮೇಲಿಟ್ಟು, ತಕ್ಕಡಿ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡರು. ಕಲ್ಲನ್ನು ಪಕ್ಕಕ್ಕಿಟ್ಟರು. ನಂತರ ಒಂದೊಂದೇ ಸಾಮಾನು ತೂಗಿ ಚೀಟಿಯಲ್ಲಿ ಬರೆಯುತ್ತಾ ಹೋದರು. ಗುಡ್ಡದ ಮೇಲೆ ಚಳಿಯೆಂದು ಉಣ್ಣೆಯ ಕೋಟು, ಸಾವಿರದ ನೂರ ಎಂಬತ್ತು. ಸ್ವೆಟರ್, ನಾನೂರ ಅರವತ್ತು. ದಪ್ಪ ಪ್ಯಾಂಟು, ಐನೂರ ಇಪ್ಪತ್ತು. ತಂಗಿಗೆಂದು ಒಂದು ಪೊಟ್ಟಣ ಬಿಸ್ಕತ್ತು, ಇನ್ನೂರ ನಲವತ್ತು. ಚಪ್ಪಲಿ ತೂಗುವಾಗ ಅಂಟಿದ್ದ ಮಣ್ಣನ್ನು ಕೆರೆದು ಮತ್ತೊಮ್ಮೆ ತೂಗಿದರು.

"ರೀ, ಇದೇನು ಚಿನ್ನಾನಾ?"

"ಏಳು ಕೆಜಿ ಅಂದರೆ ಏಳು ಕೆಜಿ ಕಣೇ. ಏಳು ಕೆಜಿ ಒಂದು ಗ್ರಾಂ ಅಲ್ಲ."

ಒಟ್ಟು ಆರು ಕೆಜಿ ಒಂಬೈನೂರ ನಲವತ್ತು ಗ್ರಾಂ ಬಂತು. ಹೆಂಡತಿಯದೂ ಹೀಗೇ ಅಂಚಿಗೆ ಬಂದು ನಿಂತಿತ್ತು. ಮೇಷ್ಟ್ರಿಗೆ ಪರಮ ತೃಪ್ತಿಯಾಯಿತು. ಕಲ್ಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಪೆಟ್ಟಿಗೆಯನ್ನು ಕೈಪೆಟ್ಟಿಗೆಯೊಳಗೆ ಬಟ್ಟೆಗಳ ನಡುವೆ ಹುದುಗಿಸಿ, ಜಿಪ್ಪು ಎಳೆದರು.

*

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಕುತ್ತಿಗೆಗೆ ನೀಲಿ ಸ್ಕಾರ್ಫ್, ಮುಖದಲ್ಲಿ ಬೆಳಗಿನಿಂದ ಬಳಸಿ ಸವೆದ ನಗು. ಕಂಡಕ್ಟರಮ್ಮನ ಸಾಮಾನು ತೂಗಿ ಚೀಟಿ ಕಟ್ಟಿದಳು. ಮೇಷ್ಟ್ರ ಪೆಟ್ಟಿಗೆ, ಚೀಲ ಎರಡನ್ನೂ ತಟ್ಟೆಯ ಮೇಲಿಡಿಸಿದಳು.

"ಸರ್, ಒಂಬತ್ತು ಪಾಯಿಂಟ್ ಎರಡು."

"ಇಲ್ಲಮ್ಮ. ಆರು ಒಂಬೈನೂರ ನಲವತ್ತು."

"ಸರ್, ಇಲ್ಲಿ ನೋಡಿ."

ಮೇಷ್ಟ್ರು ನೋಡಿದರು. ಕೆಂಪು ಅಂಕಿಗಳನ್ನು ನೋಡಿದರು, ತಟ್ಟೆಯ ನಾಲ್ಕೂ ಮೂಲೆ ನೋಡಿದರು, ಬಗ್ಗಿ ಅಡಿಯನ್ನೂ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ರೋಗಿಯನ್ನು ಕಂಡ ವೈದ್ಯರಿಗಿರುವಂಥ ಒಂದು ಕಾಳಜಿ ಇತ್ತು.

"ನಿಮ್ಮ ತಕ್ಕಡಿಗೆ ಹುಷಾರಿಲ್ಲ," ಎಂದರು. "ಎರಡೂಕಾಲು ಕೆಜಿ ಸುಳ್ಳು ಹೇಳ್ತಿದೆ. ಇದು ಸಣ್ಣ ಕಾಯಿಲೆಯಲ್ಲ."

"ಸರ್, ನಿನ್ನೆ ತಾನೇ ಚೆಕ್ ಮಾಡಿದಾರೆ."

"ಯಾವ ಕಲ್ಲಲ್ಲಿ?"

ಸಾಲಿನಲ್ಲಿ ಹಿಂದೆ ನಿಂತಿದ್ದವನು "ಅಯ್ಯೋ" ಎಂದ. ಕಂಡಕ್ಟರಮ್ಮ ತಿರುಗಿ, "ಎಲ್ಲರಿಗೂ ಸೀಟಿದೆ, ತಳ್ಳಬೇಡಿ," ಎಂದರು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ಹತ್ರ ಇದೆ," ಎಂದರು ಮೇಷ್ಟ್ರು. "ಒಂದೇ ನಿಮಿಷ. ನಿಮ್ಮೆದುರಿಗೇ ತೋರಿಸಿಬಿಡ್ತೀನಿ."

ಪೆಟ್ಟಿಗೆ, ಚೀಲ ಎರಡನ್ನೂ ಕೆಳಗಿಳಿಸಿ, ಪೆಟ್ಟಿಗೆಯ ಜಿಪ್ಪು ತೆಗೆದು, ಜೇಬಿನಿಂದ ಕೈಗವಸು ತೆಗೆದು ತೊಟ್ಟರು. ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಹೊಳೆಯುವ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ತಟ್ಟೆಯ ಮಧ್ಯಕ್ಕೆ ತಂದಿಟ್ಟರು. ಸಾಲಿನವರೆಲ್ಲ ಕತ್ತು ಚಾಚಿದರು. ಅಂಕಿ ಓಡಿ ನಿಂತಿತು. ಎರಡು ಪಾಯಿಂಟ್ ಸೊನ್ನೆ.

"ಸರಿಯಾಗಿದೆಯಲ್ಲ ಸರ್?"

ಮೇಷ್ಟ್ರು ಬಗ್ಗಿ ಅಂಕಿಯನ್ನು ಮತ್ತೆ ಓದಿದರು. ತಕ್ಕಡಿಯಲ್ಲಿ ದೋಷವಿಲ್ಲ. ಹಾಗಾದರೆ ಎರಡೂಕಾಲು ಕೆಜಿ ಎಲ್ಲಿಂದ ಬಂತು?

ಕಂಡಕ್ಟರಮ್ಮ ಕೆಳಗಿದ್ದ ಪೆಟ್ಟಿಗೆಯನ್ನು ನೋಡಿದರು. ತಟ್ಟೆಯ ಮೇಲಿನ ಕಲ್ಲನ್ನು ನೋಡಿದರು. ಗಂಡನ ಮುಖ ನೋಡಿದರು.

"ರೀ. ನಿನ್ನೆ ತೂಗಿದಿರಲ್ಲ, ಆಗ ಈ ನನ್ನ ಸವತಿ ಎಲ್ಲಿದ್ದಳು?"

"ಎಲ್ಲಿ ಅಂದ್ರೆ? ಮೊದಲು ಅದನ್ನಿಟ್ಟು ತಕ್ಕಡಿ ನೋಡ್ದೆ. ಆಮೇಲೆ ತೆಗೆದು ಪಕ್ಕಕ್ಕೆ..."

ಮೇಷ್ಟ್ರ ಕಿವಿಯ ತುದಿ ಕೆಂಪಾಯಿತು. ಮೂವತ್ತೊಂದು ವರ್ಷ ಲೋಕದ ಸಾಮಾನನ್ನೆಲ್ಲ ಆ ಕಲ್ಲಿನಿಂದ ಅಳೆದವರು. ಅವರ ಲೆಕ್ಕದಲ್ಲಿ ಅದು ಅಳತೆಯೇ ಹೊರತು ಸಾಮಾನಲ್ಲ. ಅದಕ್ಕೂ ತೂಕವಿದೆ, ಅದೂ ಸಾಮಾನಿನ ಜೊತೆ ತಟ್ಟೆ ಹತ್ತಬೇಕು ಎಂಬುದು ಅವರ ತಲೆಗೆ ಬಂದಿರಲೇ ಇಲ್ಲ. ಕಲ್ಲು ಎರಡು ಸಾವಿರ. ಮರದ ಪೆಟ್ಟಿಗೆ ಇನ್ನೂರ ಅರವತ್ತು. ಆರು ಒಂಬೈನೂರ ನಲವತ್ತಕ್ಕೆ ಕೂಡಿಸಿದರೆ ಒಂಬತ್ತು ಕೆಜಿ ಇನ್ನೂರು. ಕೌಂಟರಿನ ತಕ್ಕಡಿ ಮೊದಲೇ ಹೇಳಿದ್ದು ಅದನ್ನೇ.

"ನಿಮ್ಮ ತಕ್ಕಡಿಯ ಕ್ಷಮೆ ಕೇಳ್ತೀನಿ," ಎಂದರು ಮೇಷ್ಟ್ರು.

ಹುಡುಗಿಯ ಮುಖದಲ್ಲಿ ಆ ದಿನದ ಮೊದಲ ನಿಜವಾದ ನಗು ಬಂತು. "ಪರವಾಗಿಲ್ಲ ಸರ್. ಈಗ ಒಂದೋ ಎರಡು ಕೆಜಿ ಇನ್ನೂರು ಗ್ರಾಂ ಕಡಿಮೆ ಮಾಡಿ, ಇಲ್ಲ ದುಡ್ಡು ಕಟ್ಟಿ, ಪೆಟ್ಟಿಗೆನ ಕೆಳಗೆ ಹಾಕಿಸ್ತೀನಿ."

"ಕೆಳಗೆ ಬೇಡ!" ಎಂದರು ಮೇಷ್ಟ್ರು. ಕಲ್ಲಿಗೆ ಪೆಟ್ಟು ಬಿದ್ದರೆ ಸಮಿತಿಯವರು ನಾಳೆ ಅದನ್ನು ಒಪ್ಪುವುದಿಲ್ಲ. ಬಿಟ್ಟುಹೋದರಂತೂ ತಂಗಿಯ ಅಂಗಡಿಗೆ ಬೀಗ ಖಂಡಿತ.

ಕಂಡಕ್ಟರಮ್ಮ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ದನಿ ತಗ್ಗಿಸಿ ಹೇಳಿದರು. ಅವರು ತಗ್ಗಿಸಿದ ದನಿ ನಾಲ್ಕು ಕೌಂಟರುಗಳಿಗೆ ಕೇಳಿಸಿತು. "ಕೋಟು ಹಾಕ್ಕೊಂಡು ಅದರ ಜೇಬಲ್ಲಿ ಇಳಿಸಿಬಿಡಿ. ಜೇಬನ್ನ ಯಾರೂ ತೂಗಲ್ಲ."

"ಆಗಲ್ಲ."

"ಯಾಕಾಗಲ್ಲ?"

"ಅದು ಮೋಸ. ತಟ್ಟೆ ಕೆಳಗೆ ಅಯಸ್ಕಾಂತ ಅಂಟಿಸಿದವನನ್ನ ಹಿಡಿದಿದ್ದೀನಿ, ಬುಟ್ಟಿಯ ತಳಕ್ಕೆ ಸೀಸ ಹೊಲಿದವನನ್ನ ಹಿಡಿದಿದ್ದೀನಿ. ಈಗ ನಾನೇ ಜೇಬಲ್ಲಿ ಬಚ್ಚಿಟ್ಕೊಂಡು ತಕ್ಕಡಿ ಮುಂದೆ ನಿಲ್ಲಬೇಕಾ?"

"ತಂಗಿ ಅಂಗಡಿ ಮುಚ್ಚಿಹೋಗುತ್ತೆ ರೀ!"

"ಗೊತ್ತು ಕಣೇ. ಆದರೆ ಅವಳ ತಕ್ಕಡಿ ನಿಯತ್ತಿನದು ಅಂತ ಸಾಕ್ಷಿ ಹೇಳೋಕೆ ಹೊರಟಿದ್ದೀವಿ. ಸಾಕ್ಷಿನೇ ಕದ್ದು ಹೋದರೆ ಹೇಗೆ?"

ಕೌಂಟರಿನ ಹುಡುಗಿ ಕುತೂಹಲದಿಂದ ಮುಂದೆ ಬಾಗಿದಳು. "ಸರ್, ನಿಜವಾಗಲೂ ಜೇಬು ನಾವು ತೂಗಲ್ಲ."

"ಮನುಷ್ಯನನ್ನ?"

"ಮನುಷ್ಯರನ್ನೂ ತೂಗಲ್ಲ. ಒಬ್ಬರಿಗೆ ಇಷ್ಟು ಅಂತ ಒಂದು ಸರಾಸರಿ ಹಿಡೀತಾರೆ."

"ಸರಾಸರಿ!" ಮೇಷ್ಟ್ರು ಕೌಂಟರಿನ ಅಂಚು ಹಿಡಿದುಕೊಂಡರು. ಆಚೆ ಸಾಲಿನಲ್ಲಿದ್ದ ಭಾರೀ ದೇಹದ ಒಬ್ಬರನ್ನೂ ಅವರ ಪಕ್ಕದ ಕಡ್ಡಿಯಂಥ ಇನ್ನೊಬ್ಬರನ್ನೂ ನೋಡಿದರು. "ಚೀಲದಲ್ಲಿ ನೂರು ಗ್ರಾಂಗೆ ಜಗಳ, ಮನುಷ್ಯನಲ್ಲಿ ಸರಾಸರಿ. ಅಂಗಡಿಯವನು ಹೀಗೆ ಮಾಡಿದ್ದರೆ ನಾನು ಮೊಹರು ಕಿತ್ತು ಹಾಕ್ತಿದ್ದೆ."

"ಸರ್, ವಿಮಾನ ಹಾರುತ್ತಲ್ಲ, ಅಷ್ಟು ಸಾಕು," ಎಂದ ಹಿಂದಿನವನು.

ಮೇಷ್ಟ್ರು ಜೇಬಿನಿಂದ ನಿನ್ನೆಯ ಚೀಟಿ ತೆಗೆದರು. ಬೆರಳಿಟ್ಟು ಓದಿದರು. ಮೈಮೇಲಿನ ಬಟ್ಟೆ ಲೆಕ್ಕಕ್ಕಿಲ್ಲವೆಂದು ನಿಯಮವೇ ಬಾಯಿಬಿಟ್ಟು ಹೇಳಿದೆ. ಅದರಲ್ಲಿ ಕದಿಯುವುದೇನೂ ಇಲ್ಲ. ಕೋಟು, ಸಾವಿರದ ನೂರ ಎಂಬತ್ತು. ಸ್ವೆಟರ್, ನಾನೂರ ಅರವತ್ತು. ಪ್ಯಾಂಟು, ಐನೂರ ಇಪ್ಪತ್ತು. ಮೂರೂ ಸೇರಿ ಎರಡು ಸಾವಿರದ ನೂರ ಅರವತ್ತು.

ಹೊರಗೆ ಬಿಸಿಲು ಸುಡುತ್ತಿತ್ತು. ಮೇಷ್ಟ್ರು ಸ್ವೆಟರಿಗೆ ತಲೆ ತೂರಿಸಿದರು, ಅದರ ಮೇಲೆ ಕೋಟು ತೊಟ್ಟರು. ಕಂಡಕ್ಟರಮ್ಮ ಸೆರಗು ಅಡ್ಡ ಹಿಡಿದರು. ಅದರ ಮರೆಯಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸುತ್ತಾ ಇದ್ದ ಪ್ಯಾಂಟಿನ ಮೇಲೆ ದಪ್ಪ ಪ್ಯಾಂಟು ಏರಿಸಿದರು. ಹೊರಬಂದಾಗ ಹತ್ತಿ ತುಂಬಿದ ದಿಂಬಿಗೆ ಕನ್ನಡಕ ಹಾಕಿದಂತಿದ್ದರು. ಕೈಗಳು ಪಕ್ಕೆಗೆ ತಾಗುತ್ತಿರಲಿಲ್ಲ.

ಕಲ್ಲನ್ನು ಪೆಟ್ಟಿಗೆಗಿಟ್ಟು, ಎಲ್ಲವನ್ನೂ ಮತ್ತೆ ತಟ್ಟೆಯ ಮೇಲೇರಿಸಿದರು.

"ಏಳು ಪಾಯಿಂಟ್ ಸೊನ್ನೆ! ಸರಿಯಾಯ್ತು ಸರ್!" ಹುಡುಗಿ ಚೀಟಿಗೆ ಕೈ ಹಾಕಿದಳು. ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಇಲ್ಲ," ಎಂದರು ಮೇಷ್ಟ್ರು.

"ರೀ!"

"ಏಳು ಕೆಜಿ ನಲವತ್ತು ಗ್ರಾಂ ಇದೆ. ಇವರ ತಕ್ಕಡಿ ನೂರು ಗ್ರಾಂ ಮೆಟ್ಟಿಲಲ್ಲಿ ಹತ್ತುತ್ತೆ. ನಲವತ್ತು ಅದರ ಕಣ್ಣಿಗೆ ಬೀಳಲ್ಲ."

"ಕಣ್ಣಿಗೆ ಬೀಳದಿದ್ದರೆ ಒಳ್ಳೇದಾಯ್ತಲ್ಲ!"

"ನನ್ನ ಕಣ್ಣಿಗೆ ಬಿದ್ದಿದೆಯಲ್ಲ."

ಅವರು ಬಿಸ್ಕತ್ತಿನ ಪೊಟ್ಟಣ ತೆಗೆದರು. ಒಂದೊಂದು ಬಿಸ್ಕತ್ತು ಹತ್ತು ಗ್ರಾಂ. ಎರಡನ್ನು ತಾವು ಬಾಯಿಗೆ ಹಾಕಿಕೊಂಡರು, ಎರಡನ್ನು ಹೆಂಡತಿಯ ಕೈಗಿತ್ತರು. ಇಬ್ಬರೂ ಕೌಂಟರಿನ ಮುಂದೆ ನಿಂತು ಕರಕರ ಅಗಿದರು. ಸಾಲು ಸುಮ್ಮನೆ ನೋಡುತ್ತಿತ್ತು.

"ಈಗ ಏಳು," ಎಂದರು ಮೇಷ್ಟ್ರು, ತುಂಬಿದ ಬಾಯಲ್ಲಿ.

"ಹೊಟ್ಟೆಗೆ ಹೋದದ್ದು ವಿಮಾನಕ್ಕೆ ಭಾರ ಅಲ್ವೇನ್ರೀ?"

"ಹೊಟ್ಟೆ ನಿಯಮದಲ್ಲಿಲ್ಲ."

"ಜೇಬೂ ನಿಯಮದಲ್ಲಿಲ್ಲ."

ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿದರು.  ಹುಡುಗಿ ಎಲ್ಲಿ ಇನ್ನೊಂದು ಚರ್ಚೆ ಶುರುವಾಗುವುದೋ ಎಂದು ಬೇಗ ಬೇಗ ಚೀಟಿ ಕಟ್ಟಿ ಬೀಳ್ಕೊಟ್ಟಳು.

*

ತೂಕದ ಗಂಡಾಂತರ ಕಳೆದಿತ್ತು. ಮುಂದೆ ಭದ್ರತಾ ತಪಾಸಣೆ.

ಮೇಷ್ಟ್ರು ಕೋಟು ಕಳಚಿದರು, ಸ್ವೆಟರ್ ಕಳಚಿದರು. ಪ್ಯಾಂಟಿನ ಗುಂಡಿಗೆ ಕೈ ಹಾಕಿದಾಗ ಸಿಬ್ಬಂದಿಯೊಬ್ಬ ಗಾಬರಿಯಿಂದ "ಬೇಡ ಸಾರ್, ಬೇಡ" ಎಂದ. ಸಾಮಾನು ಯಂತ್ರದೊಳಗೆ ಸರಿದುಹೋಯಿತು. ಪರದೆ ನೋಡುತ್ತಿದ್ದವಳು ಪಟ್ಟಿಯನ್ನು ನಿಲ್ಲಿಸಿದಳು. ಬಟ್ಟೆ, ಚಪ್ಪಲಿ, ಬಿಸ್ಕತ್ತುಗಳ ನಡುವೆ ಕಪ್ಪನೆಯ ಒಂದು ಗಟ್ಟಿ ಗುಂಡು. ಕಿರಣ ಅದರೊಳಗೆ ಎಳ್ಳಷ್ಟೂ ಹೊಕ್ಕಿರಲಿಲ್ಲ.

ಅಧಿಕಾರಿ ಬಂದರು. ಗಂಭೀರ ಮುಖದ ನಡುವಯಸ್ಸಿನವರು. ಮರದ ಪೆಟ್ಟಿಗೆ ತೆರೆಸಿದರು. ಹಿಡಿಯತ್ತ ಬರಿಗೈ ಚಾಚಿದರು.

"ಮುಟ್ಟಬೇಡಿ!"

ಮೇಷ್ಟ್ರ ಬಾಯಿಂದ ಅಷ್ಟು ದೊಡ್ಡ ಕೂಗು ಅವರ ಹೆಂಡತಿಯೂ ಕೇಳಿರಲಿಲ್ಲ. ತಪಾಸಣೆಯ ಜಾಗದಲ್ಲಿ ಹೊಳೆಯುವ ಲೋಹದ ಗುಂಡನ್ನು ತೋರಿಸಿ ಯಾರೂ ಹಾಗೆ ಕೂಗಬಾರದು. ಮೂರು ದಿಕ್ಕಿನಿಂದ ಮೂವರು ಸಿಬ್ಬಂದಿ ಓಡಿ ಬಂದರು. ಪಕ್ಕದ ಸಾಲಿನಲ್ಲಿ ಬೆಲ್ಟು ಬಿಚ್ಚುತ್ತಿದ್ದವರು ಬೆಲ್ಟು ಕೈಯಲ್ಲಿ ಹಿಡಿದುಕೊಂಡೇ ದೂರ ಸರಿದರು.

"ಮುಟ್ಟಿದರೆ ಏನಾಗುತ್ತೆ?" ಅಧಿಕಾರಿ ಮೆಲ್ಲಗೆ ಕೇಳಿದರು. ಅವರ ಕೈ ಗಾಳಿಯಲ್ಲೇ ನಿಂತಿತ್ತು.

"ಬೆರಳಿನ ಜಿಡ್ಡು ಅಂಟುತ್ತೆ," ಎಂದರು ಮೇಷ್ಟ್ರು.

ಅಧಿಕಾರಿ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಜಿಡ್ಡು?"

"ಮೂವತ್ತು ವರ್ಷದಿಂದ ನನ್ನನ್ನೇ ಮುಟ್ಟೋಕೆ ಬಿಟ್ಟಿಲ್ಲ ಸಾರ್," ಎಂದರು ಕಂಡಕ್ಟರಮ್ಮ. "ನೀವು ಬೇಜಾರು ಮಾಡ್ಕೋಬೇಡಿ."

ಮೇಷ್ಟ್ರು ಪ್ರಮಾಣಪತ್ರ ಕೊಟ್ಟರು. ತಂಗಿಯ ಅಂಗಡಿ, ಏಳು ಗ್ರಾಂ, ಸಮಿತಿ, ನಾಳೆ ಹನ್ನೊಂದು ಗಂಟೆ, ಎಲ್ಲವನ್ನೂ ಹೇಳಿದರು. ಅಧಿಕಾರಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ನಿಷೇಧಿತ ವಸ್ತುಗಳ ಪಟ್ಟಿ ತೆಗೆದರು. ಚಾಕು ಇತ್ತು, ಸುತ್ತಿಗೆ ಇತ್ತು, ದೊಣ್ಣೆ ಇತ್ತು, ಆಟದ ಬ್ಯಾಟು ಸಹ ಇತ್ತು. ತೂಕದ ಕಲ್ಲು ಇರಲಿಲ್ಲ.

"ಪಟ್ಟಿಯಲ್ಲಿಲ್ಲ ನಿಜ," ಎಂದರು ಅಧಿಕಾರಿ. "ಆದರೆ ಪಟ್ಟಿಯಲ್ಲಿ ಇಲ್ಲದ್ದು ಅಪಾಯ ಅನಿಸಿದರೆ ತಡೆಯೋ ಅಧಿಕಾರ ನನಗಿದೆ. ನಾನು ಒಂದೇ ಒಂದು ವಿಷಯ ಯೋಚನೆ ಮಾಡಬೇಕು. ಎರಡು ಕೆಜಿ ಉಕ್ಕು, ಮೇಲೆ ಹಿಡಿ ಬೇರೆ ಇದೆ. ಇದನ್ನ ತೆಗೆದು ಯಾರದಾದರೂ ತಲೆಗೆ ಹೊಡೆದರೆ?"

"ತಲೆಗೆ ಹೊಡೆಯೋದಾ?" ಮೇಷ್ಟ್ರ ಮುಖ ಬಿಳಿಚಿತು. ಅವರು ಕಲ್ಲಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. "ಕಲ್ಲು ಹಾಳಾಗಿಹೋಗುತ್ತಲ್ಲ ಸ್ವಾಮಿ! ಒಂದು ಗೀರು ಬಿದ್ದರೂ ಮುಗೀತು. ಯಾರಾದರೂ ಇಂಥ ಕಲ್ಲಲ್ಲಿ ಹೊಡೀತಾರಾ?"

ಅಧಿಕಾರಿ ಆ ಮುಖವನ್ನೇ ನೋಡಿದರು. ಇಪ್ಪತ್ತು ವರ್ಷ ಜನರ ಮುಖ ನೋಡುವುದೇ ಅವರ ಕೆಲಸವಾಗಿತ್ತು. ಒಡೆಯಬಹುದಾದ ತಲೆಯ ಬಗ್ಗೆ ಈ ಮನುಷ್ಯನಿಗೆ ಒಂದಿಷ್ಟೂ ಚಿಂತೆಯಿಲ್ಲ, ಕಲ್ಲಿನ ಚಿಂತೆ ಮಾತ್ರ. ಅವರ ತುಟಿಯ ಮೂಲೆ ಅದುರಿತು.

"ಬೇರೆಯವರು ಕಿತ್ತುಕೊಂಡರೆ?"

"ಕಿತ್ತುಕೊಳ್ಳಲಿ ನೋಡೋಣ," ಎಂದರು ಕಂಡಕ್ಟರಮ್ಮ.

ಆ ದನಿ ಕೇಳಿ ಮೂವರು ಸಿಬ್ಬಂದಿಯೂ ಒಮ್ಮೆಲೇ ಕಾಲು ಜೋಡಿಸಿ ನಿಂತರು. ಅಧಿಕಾರಿ ನಕ್ಕರು. ಫೋನಿನಲ್ಲಿ ಮೇಲಿನವರ ಜೊತೆ ಐದು ನಿಮಿಷ ಮಾತಾಡಿ, ಪ್ರಮಾಣಪತ್ರದ ಚಿತ್ರ ತೆಗೆದುಕೊಂಡು, ಪೆಟ್ಟಿಗೆಗೆ ಸುತ್ತಲೂ ಅಂಟುಪಟ್ಟಿ ಬಿಗಿಸಿದರು. "ಇಳಿಯೋವರೆಗೂ ಇದು ಬಿಚ್ಚಬಾರದು. ಸೀಟಿನಡಿ ಇರಲಿ, ತಲೆ ಮೇಲೆ ಬೇಡ. ಬಿದ್ದರೆ ನಿಜವಾಗಲೂ ತಲೆ ಹೋಗುತ್ತೆ."

"ಸರಿ. ವೈಯಕ್ತಿಕ ವಸ್ತುವಿನ ಚೀಲಕ್ಕೆ ಹಾಕ್ತೀನಿ," ಎಂದರು ಮೇಷ್ಟ್ರು. ಚೀಲದಿಂದ ಟವೆಲ್ಲು ತೆಗೆದು ಆ ಜಾಗಕ್ಕೆ ಪೆಟ್ಟಿಗೆ ಇಳಿಸಿದರು. ಟವೆಲ್ಲು ಪೆಟ್ಟಿಗೆಯಿದ್ದ ಜಾಗಕ್ಕೆ ಹೋಯಿತು. ಒಟ್ಟು ಬದಲಾಗಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ವಿಮಾನದಲ್ಲಿ ಅವರು ಕಿಟಕಿಯ ಕಡೆ ನೋಡಲೇ ಇಲ್ಲ. ಎರಡು ಪಾದಗಳ ನಡುವೆ ಚೀಲ ಹಿಡಿದು ಕುಳಿತು, ಸುತ್ತಲಿನ ನೂರ ಎಂಬತ್ತು ಜನರನ್ನು ಒಬ್ಬೊಬ್ಬರಾಗಿ ಕಣ್ಣಲ್ಲೇ ತೂಗಿ, ಸರಾಸರಿ ತೆಗೆಯುತ್ತಿದ್ದರು.

*

ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಸಮಿತಿಯ ಐವರು ತಂಗಿಯ ಅಂಗಡಿಗೆ ಬಂದರು. ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ತಂಗಿ ನಿದ್ದೆಯಿಲ್ಲದ ಕಣ್ಣಲ್ಲಿ ತಕ್ಕಡಿಯ ಹಿಂದೆ ನಿಂತಿದ್ದಳು. ಅತ್ತಿಗೆ ಅವಳ ಹೆಗಲ ಮೇಲೆ ಕೈ ಹಾಕಿದ್ದರು. ಸುತ್ತಲಿನ ಅಂಗಡಿಯವರು, ಗಿರಾಕಿಗಳು ಸೇರಿದ್ದರು.

ಕಾರ್ಯದರ್ಶಿ ಸಮಿತಿಯ ಕಲ್ಲನ್ನು ತಟ್ಟೆಯ ಮೇಲಿಟ್ಟರು. ಕಬ್ಬಿಣದ್ದು, ಹೊಚ್ಚ ಹೊಸದರಂತೆ ಹಸಿರು ಬಣ್ಣದಲ್ಲಿ ಮಿನುಗುತ್ತಿತ್ತು. ಎರಡು ಕೆಜಿ ಹದಿನಾಲ್ಕು ಗ್ರಾಂ.

"ನೋಡಿ," ಎಂದರು ಕಾರ್ಯದರ್ಶಿ.

ಮೇಷ್ಟ್ರು ಅಂಟುಪಟ್ಟಿ ಬಿಚ್ಚಿ, ಕೈಗವಸು ತೊಟ್ಟು, ತಮ್ಮ ಕಲ್ಲನ್ನು ಇಟ್ಟರು. ಅಂಕಿ ಏರಿತು, ತುಯ್ದಾಡಿತು. 'ಎರಡು' ಎಂದು ತೋರಿಸಿ, ಮುಂದೆ ಮೂರು ಸೊನ್ನೆ ಹಚ್ಚಿ ನಿಂತಿತು.

ತಂಗಿ ಅತ್ತಿಗೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದರೆ ನಮ್ಮ ಕಲ್ಲು ಹದಿನಾಲ್ಕು ಗ್ರಾಂ ಬೆಳೀತೇನ್ರೀ?" ಕಾರ್ಯದರ್ಶಿ ಕೇಳಿದರು. "ಕಬ್ಬಿಣ ಸವೆಯೋದು ಕೇಳಿದ್ದೀನಿ, ಬೆಳೆಯೋದು ಕೇಳಿಲ್ಲ."

ಮೇಷ್ಟ್ರು ಹಸಿರು ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದರು. "ಇದಕ್ಕೆ ಬಣ್ಣ ಯಾವಾಗ ಹೊಡೆಸ್ತೀರಿ?"

"ವರ್ಷಾ ವರ್ಷ. ತುಕ್ಕು ಹಿಡಿದ ಕಲ್ಲು ಇಟ್ಟರೆ ಮಾರುಕಟ್ಟೆಯ ಮರ್ಯಾದೆ ಏನು?"

"ಹಳೇ ಬಣ್ಣ ಕೆರೆದು ಹೊಡೀತೀರಾ?"

 ಮೇಷ್ಟ್ರು ತಂಗಿಯಿಂದ ಬೀಗದ ಕೈ ಕೇಳಿ ಪಡೆದು, ಕಲ್ಲಿನ ಬದಿಯಲ್ಲಿ ಉಗುರಿನಷ್ಟು ಜಾಗ ಕೆರೆದರು. ಹಸಿರಿನ ಕೆಳಗೆ ತಿಳಿ ಹಸಿರು ಬಂತು, ಅದರ ಕೆಳಗೆ ನೀಲಿ, ಮತ್ತೆ ಹಸಿರು, ಕೆಂಪು, ಬೂದಿ, ಇನ್ನೊಂದು ನೀಲಿ. ಏಳು ಪದರ ದಾಟಿದ ಮೇಲೆ ಕಪ್ಪು ಕಬ್ಬಿಣ ಕಂಡಿತು. ಜನ ತಲೆಗೆ ತಲೆ ತಾಗಿಸಿ ಎಣಿಸಿದರು.

"ಒಂದೊಂದು ಪದರ ಬಣ್ಣಕ್ಕೆ ಎರಡು ಗ್ರಾಂ," ಎಂದರು ಮೇಷ್ಟ್ರು. "ಏಳು ಪದರ. ಇದನ್ನಿಟ್ಟೇ ಬಾಗಿಲಿನ ತಕ್ಕಡಿನೂ ಸರಿಮಾಡಿದ್ದೀರಿ. ಅದಕ್ಕೇ ಅದು ಎಲ್ಲರ ಕೆಜಿಗೂ ಏಳು ಗ್ರಾಂ ಕಡಿಮೆ ತೋರಿಸ್ತಿದೆ. ಬೇಕಾದರೆ ಬೇರೆ ಅಂಗಡಿಯ ಪೊಟ್ಟಣ ಇಟ್ಟು ನೋಡಿ."

ಪಕ್ಕದ ಸಕ್ಕರೆ ಅಂಗಡಿಯವನು ಅದಾಗಲೇ ಪೊಟ್ಟಣ ಹಿಡಿದು ಬಾಗಿಲಿಗೆ ಓಡಿದ್ದ. "ಒಂಬೈನೂರ ತೊಂಬತ್ಮೂರು!" ಎಂದು ಅಲ್ಲಿಂದಲೇ ಕೂಗಿದ.

ಕಾರ್ಯದರ್ಶಿ ಕೊನೆಯ ಪ್ರಯತ್ನವಾಗಿ ಪ್ರಮಾಣಪತ್ರವನ್ನು ಕೈಗೆತ್ತಿಕೊಂಡರು. ಅಕ್ಷರ ಅಕ್ಷರ ಓದಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಹನ್ನೊಂದು ಮಿಲಿಗ್ರಾಂ ಕಡಿಮೆ ಅಂತ ಬರೆದಿದೆಯಲ್ಲ! ಹಾಗಾದರೆ ನಿಮ್ಮ ಕಲ್ಲೂ ಸರಿಯಿಲ್ಲ!"

"ಸರಿಯಿಲ್ಲ," ಎಂದರು ಮೇಷ್ಟ್ರು. "ಆದರೆ ಎಷ್ಟು ಸರಿಯಿಲ್ಲ ಅಂತ ಅದರಲ್ಲೇ ಬರೆದಿದೆ. ನಿಮ್ಮದರಲ್ಲಿ ಬರೆದಿಲ್ಲ."

ಸಮಿತಿಯ ಇತರ ನಾಲ್ವರು ಪರಸ್ಪರ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯರು ಹಸಿರು ಕಲ್ಲನ್ನು ಕಂಕುಳಲ್ಲಿ ಇರುಕಿಕೊಂಡು, "ಅಂಗಡಿ ತೆಗಿಯಮ್ಮಾ," ಎಂದು ಹೇಳಿ ಹೊರಟರು. ಅವರ ಹಿಂದೆ ಕಾರ್ಯದರ್ಶಿಯೂ ಹೋದರು, ಬಣ್ಣದ ಡಬ್ಬಿ ಇನ್ನೂ ಅರ್ಧ ಉಳಿದಿದೆಯೆಂದು ಯಾರಿಗೋ ಹೇಳುತ್ತಾ.

ತಂಗಿ ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿದಳು. ಪುಡಿ ಮಾಡುವ ಯಂತ್ರಕ್ಕೆ ಗುಂಡಿ ಒತ್ತಿದಳು. ಹುರಿದ ಬೀಜದ ಘಮ ಮೂರು ಸಾಲಿನಾಚೆಗೂ ಹೋಯಿತು. ಮೊದಲು ಮುಂದೆ ಬಂದವನು ದೂರು ಕೊಟ್ಟ ಗಿರಾಕಿಯೇ. ತಲೆ ತಗ್ಗಿಸಿಕೊಂಡು, "ಅರ್ಧ ಕೆಜಿ ಕೊಡಿ ಅಕ್ಕಾ," ಎಂದ. ತಂಗಿ ತೂಗಿದಳು. ಅಂಕಿ ಐನೂರ ಎರಡಕ್ಕೆ ಬಂದು ನಿಂತಿತು. ಖುಷಿಯಲ್ಲಿ ಹಾಗೇ ಕಟ್ಟಿಕೊಡಲು ಹೋದವಳು ಅಣ್ಣನ ಮುಖ ನೋಡಿ, ಚಮಚದ ತುದಿಯಿಂದ ಎರಡು ಗ್ರಾಂ ವಾಪಸ್ಸು ತೆಗೆದಳು.